ನಿಲ್ಲದ ಮೀನಿನ ಫೋಟೋಗೆ ಯಾವುದು ಸರಿ? ಫೋನು, ಲೆನ್ಸು, ಫ್ಲ್ಯಾಶು ಎಲ್ಲ ಹಿಡಿದು ನೋಡಿದೆ

ನಮ್ಮ ಮನೆಯ ಹಾಲ್‌ನಲ್ಲಿ ನಾಲ್ಕಡಿಯ ಟ್ಯಾಂಕ್ ಒಂದಿದೆ. ಅದರಲ್ಲಿ ಹತ್ತು ಜೀಬ್ರಾ ಡೇನಿಯೊ, ಆರು ಮಿಸ್ ಕೇರಳ. ಏಂಜೆಲ್ ಮೀನೋ ಗೋಲ್ಡ್ ಫಿಶ್ಶೋ ಆಗಿದ್ದರೆ ಇಷ್ಟು ಒದ್ದಾಟವೇ ಇರುತ್ತಿರಲಿಲ್ಲ, ಅವು ಫೋಟೋಗೆ ಅಂತಲೇ ಬಂದು ನಿಲ್ಲುತ್ತವೆ. ಇವು ಹಾಗಲ್ಲ. ಜೀಬ್ರಾಗಳು ಬೆಳಿಗ್ಗೆಯಿಂದ ಸಂಜೆವರೆಗೆ ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಲೇ ಇರುತ್ತವೆ. ಮಿಸ್ ಕೇರಳ ಪಶ್ಚಿಮ ಘಟ್ಟದ ಹೊಳೆಗಳ ಮೀನು, ಹೆಸರಲ್ಲಿ ಕೇರಳ ಇದ್ದರೂ ನಮ್ಮ ಕರ್ನಾಟಕದ ಹೊಳೆಗಳಲ್ಲೂ ಇದೆ. ಹರಿಯುವ ನೀರಲ್ಲಿ ಈಜುವ ಜಾತಿ, ಹಾಗಾಗಿ ಗುಂಪಾಗಿ ಈ ತುದಿಯಿಂದ ಆ ತುದಿಗೆ ಹೋಗಿ ಗಕ್ಕನೆ ತಿರುಗಿಬಿಡುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ. ಜೀಬ್ರಾ ಸೆಕೆಂಡಿಗೆ ಒಂದು ಅಡಿ ಓಡುತ್ತದೆ ಅಂತಿಟ್ಟುಕೊಳ್ಳಿ, ಅಂದರೆ 30 ಸೆಂಟಿಮೀಟರ್. ಶಟರ್, ಅಂದರೆ ಕ್ಯಾಮೆರಾ ಬೆಳಕಿಗೆ ಕಣ್ಣು ತೆರೆದಿರುವ ಹೊತ್ತು, 1/60 ಸೆಕೆಂಡ್ ಇದ್ದರೆ ಅಷ್ಟರಲ್ಲಿ ಮೀನು 5 ಮಿಲಿಮೀಟರ್ ಸರಿದಿರುತ್ತದೆ. ಮೀನೇ ನಾಲ್ಕು ಸೆಂಟಿಮೀಟರ್, ಮೈಮೇಲಿನ ಪಟ್ಟೆಗಳು ದಾರದ ಎಳೆಯಷ್ಟು ದಪ್ಪ, ಇನ್ನೆಲ್ಲಿಯ ಪಟ್ಟೆ! 1/500ಕ್ಕೆ ಬಂದರೆ 0.6 ಮಿಲಿಮೀಟರ್, ಅಲ್ಲಿಗೆ ಸ್ವಲ್ಪ ಮೀನಿನ ಹಾಗೆ ಕಾಣುತ್ತದೆ. ಆದರೆ ಟ್ಯಾಂಕಿನ ಎಲ್‌ಇಡಿ ಬೆಳಕಲ್ಲಿ 1/500 ಇಟ್ಟರೆ ಚಿತ್ರ ಕತ್ತಲು.

ಎಲ್ಲರ ಹಾಗೆ ನಾನೂ ಫೋನಿಂದಲೇ ಶುರು ಮಾಡಿದೆ. ಆಟೋದಲ್ಲಿ ಬಿಟ್ಟರೆ ಅದು ನಾಲ್ಕೈದು ಚಿತ್ರ ಸೇರಿಸಿ ಒಂದು ಮಾಡುತ್ತದಲ್ಲ, ಅದರಿಂದ ನನ್ನ ಒಂದು ಮಿಸ್ ಕೇರಳಕ್ಕೆ ಎರಡು ಬಾಲ ಬಂದಿತ್ತು. ಎಲ್ಲವನ್ನೂ ನಾವೇ ಸೆಟ್ ಮಾಡುವ ಪ್ರೋ ಮೋಡ್‌ಗೆ ಹೋಗಿ 1/500 ಇಟ್ಟೆ. ಬಾಲ ಒಂದೇ ಆಯಿತು, ಆದರೆ ಮೈಯೆಲ್ಲ ಗೋಧಿ ರವೆ ಉದುರಿಸಿದ ಹಾಗೆ ಗ್ರೇನ್. ಜೊತೆಗೆ ಅಡ್ಡಡ್ಡ ಕಪ್ಪು ಪಟ್ಟಿಗಳು ಬೇರೆ. ಅಗ್ಗದ ಎಲ್‌ಇಡಿ ಕರೆಂಟಿನ ಲಯಕ್ಕೆ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಕಾಣಲ್ಲ, ಫೋನಿನ ಶಟರ್‌ಗೆ ಕಾಣುತ್ತದೆ. ಹಾಗಂತ ಫೋನನ್ನು ಬೈಯುವುದೇ ಆಗಬಾರದು. ಅದರ ಸೆನ್ಸರ್ ಚಿಕ್ಕದು, ಅದಕ್ಕೇ ಮುಂದಿನ ಮೀನೂ ಹಿಂದಿನ ಮೀನೂ ಒಟ್ಟಿಗೆ ಫೋಕಸ್‌ನಲ್ಲಿರುತ್ತವೆ. ಇಡೀ ಗುಂಪಿನ ಚಿತ್ರಕ್ಕೆ ಇದು ದೊಡ್ಡ ಲಾಭ.

ಫೋನಿನಲ್ಲೇ ಇನ್ನೊಂದು ದಾರಿ ವಿಡಿಯೊ. 4ಕೆ ಇಟ್ಟು ಎರಡು ನಿಮಿಷ ಸುಮ್ನೆ ಓಡಿಸಿ, ಆಮೇಲೆ ಕೂತು ಒಳ್ಳೆಯ ಫ್ರೇಮ್ ಆರಿಸಿಕೊಳ್ಳುವುದು. ಒಂದೊಂದು ಫ್ರೇಮೂ ಸುಮಾರು 8 ಮೆಗಾಪಿಕ್ಸೆಲ್, ವಾಟ್ಸಾಪ್ ಸ್ಟೇಟಸ್‌ಗೆ ಧಾರಾಳ. ಜೀಬ್ರಾ ತಿರುಗುವ ಆ ಗಳಿಗೆ, ರೆಕ್ಕೆ ಪೂರ್ತಿ ಬಿಚ್ಚಿದ್ದು, ಬಟನ್ ಒತ್ತಿ ಹಿಡಿಯಲು ನನ್ನ ಕೈಗಂತೂ ಆಗಲ್ಲ, ವಿಡಿಯೊದಲ್ಲಿ ಸಿಕ್ಕಿತು. ಆದರೆ ಇಲ್ಲೂ ಶಟರ್ ನಾವೇ ಸೆಟ್ ಮಾಡಬೇಕು, ಇಲ್ಲದಿದ್ದರೆ ಪ್ರತಿ ಫ್ರೇಮೂ ಕಲಸಿದ ಹಾಗೆ. ಪ್ರಿಂಟ್ ಹಾಕಿಸಿದರೆ ಮೆತ್ತಗೆ ಕಾಣುತ್ತದೆ.

ಆಮೇಲೆ ಬೀರುವಿನಲ್ಲಿ ಮಲಗಿದ್ದ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ ಹೊರಬಂತು. 50 ಎಂಎಂ ಎಫ್ 1.8 ಲೆನ್ಸ್ ಹಾಕಿದರೆ ಬೆಳಕಿನ ಸಮಸ್ಯೆ ಮುಗಿಯಿತು ಅಂದುಕೊಂಡಿದ್ದೆ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದಲ್ಲ. ಬೆಳಕು ಬಂತು ನಿಜ. ಆದರೆ 40 ಸೆಂಟಿಮೀಟರ್ ದೂರದಿಂದ 1.8ರಲ್ಲಿ ಹೊಡೆದರೆ ಫೋಕಸ್ ಆಗುವ ಜಾಗದ ದಪ್ಪ ಅರ್ಧ ಸೆಂಟಿಮೀಟರ್ ಅಷ್ಟೇ. ಮೀನು ಚೂರು ಓರೆಯಾದರೂ ಕಣ್ಣು ಚೂಪು, ಬಾಲ ಹೊಗೆ. ಎಫ್ 8ಕ್ಕೆ ಇಳಿಸಿದರೆ ಆ ದಪ್ಪ ಎರಡು ಸೆಂಟಿಮೀಟರ್ ಆಗುತ್ತದೆ, ಆದರೆ ಬೆಳಕು ಮತ್ತೆ ಹೋಯಿತು.

ಬಾಡಿಗೆಗೆ 100 ಎಂಎಂ ಮ್ಯಾಕ್ರೋ, ಅಂದರೆ ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ಹಿಡಿಯುವ ಲೆನ್ಸ್, ತಂದು ಒಂದು ಶನಿವಾರ, ಭಾನುವಾರ ಕಳೆದೆ. ಈ ಮೀನುಗಳಿಗೆ ಬೇಡ. ಕಣ್ಣಿಟ್ಟು ಹುಡುಕುವಷ್ಟರಲ್ಲಿ ಮೀನು ಇನ್ನೊಂದು ತುದಿ ಸೇರಿರುತ್ತದೆ. ಸೀಗಡಿಗೆ, ತಳದಲ್ಲಿ ಕೂರುವ ಕೋರಿ (ಕೋರಿಡೊರಾಸ್) ಮೀನಿಗೆ ಚೆನ್ನ.

ಕೊನೆಗೆ ಫ್ಲ್ಯಾಶ್. ಮೊದಲ ದಿನ ಕ್ಯಾಮೆರಾ ತಲೆಮೇಲೇ ಕೂರಿಸಿ ನೇರ ಗಾಜಿಗೆ ಹೊಡೆದೆ, ಚಿತ್ರದ ನಡುವೆ ಟ್ಯೂಬ್‌ಲೈಟ್ ಒಡೆದ ಹಾಗೆ ಒಂದು ಬಿಳಿ ಗುಂಡು. ಅಮ್ಮ ಹಿಂದೆ ನಿಂತು 'ಏನೋ ಇದು, ಮೀನಿಗೆ ಮದುವೆ ಫೋಟೋನಾ?' ಅಂದರು. ಮರುದಿನ ವೈರ್ ಇಲ್ಲದೆ ದೂರದಿಂದ ಫ್ಲ್ಯಾಶ್ ಹೊಡೆಸುವ ಒಂದು ರೇಡಿಯೊ ಟ್ರಿಗರ್ ಸಿಕ್ಕಿಸಿ ಫ್ಲ್ಯಾಶನ್ನು ಟ್ಯಾಂಕಿನ ಗಾಜಿನ ಮುಚ್ಚಳದ ಮೇಲಿಟ್ಟೆ, ಮುಖ ಕೆಳಗೆ, ನಡುವೆ ಒಂದು ಬಟರ್ ಪೇಪರ್. ನಮ್ಮದು ಬೋರ್‌ವೆಲ್ ನೀರು, ಮುಚ್ಚಳದ ತುಂಬ ಬಿಳಿ ಕಲೆ, ಅರ್ಧ ಬೆಳಕು ಅದೇ ತಿಂದುಹಾಕುತ್ತಿತ್ತು. ವಿನಿಗರ್ ಹಾಕಿ ಉಜ್ಜಿದ ಮೇಲೆ ಸರಿಹೋಯಿತು. ಶಟರ್ 1/200, ಎಫ್ 8, ಐಎಸ್‌ಓ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಲೆಕ್ಕ) 400, ಫ್ಲ್ಯಾಶ್ ಪವರ್ ಪೂರ್ತಿಯ 1/16.

1/200ರಲ್ಲಿ ಓಡುವ ಮೀನು ಹೇಗೆ ನಿಲ್ಲುತ್ತದೆ ಅಂತ ಕೇಳಬಹುದು. ಈ ಸೆಟ್ಟಿಂಗ್‌ನಲ್ಲಿ ಟ್ಯಾಂಕಿನ ಬೆಳಕು ಲೆಕ್ಕಕ್ಕೇ ಇಲ್ಲ, ಫ್ಲ್ಯಾಶ್ ಇಲ್ಲದೆ ಹೊಡೆದರೆ ಬರೀ ಕಪ್ಪು ಚಿತ್ರ. ಚಿತ್ರ ಮೂಡುವುದು ಫ್ಲ್ಯಾಶ್ ಬೆಳಗಿದಷ್ಟು ಹೊತ್ತು ಮಾತ್ರ, ಕಡಿಮೆ ಪವರ್‌ನಲ್ಲಿ ಅದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ತುಂಬ ಕಡಿಮೆ. ಜೀಬ್ರಾದ ಒಂದೊಂದು ಪಟ್ಟೆಯನ್ನೂ ಎಣಿಸಬಹುದು. ಇನ್ನೊಂದು ಮಜಾ ಅಂದರೆ ಎಫ್ 8ರಲ್ಲಿ 50 ಎಂಎಂ ಲೆನ್ಸಿಗೂ ಕ್ಯಾಮೆರಾ ಜೊತೆ ಬಂದಿದ್ದ 18-55 ಎಂಎಂ ಲೆನ್ಸಿಗೂ ನನಗೆ ವ್ಯತ್ಯಾಸವೇ ಕಾಣಲಿಲ್ಲ. ಹಾಗಾಗಿ ದುಡ್ಡಿದ್ದರೆ ಲೆನ್ಸಿಗೆ ಹಾಕಬೇಡಿ, ಒಂದು ಸಾದಾ ಮ್ಯಾನ್ಯುವಲ್ ಫ್ಲ್ಯಾಶ್ ತಗೊಳ್ಳಿ. ನೀರಿನ ಮೇಲೆ ಇಡುವ ಕರೆಂಟ್ ಸಾಮಾನು, ಮುಚ್ಚಳ ಇಲ್ಲದ ಟ್ಯಾಂಕ್ ಮೇಲೆ ಮಾತ್ರ ಈ ಕೆಲಸ ಬೇಡ.

ಫೋಕಸ್ ವಿಚಾರದಲ್ಲೂ ಎರಡು ಬಗೆ ನೋಡಿದೆ. ಮೀನನ್ನು ಹಿಂಬಾಲಿಸುವ ಆಟೋಫೋಕಸ್ ನನ್ನ ಹಳೇ ಕ್ಯಾಮೆರಾದಲ್ಲಿ ನೂರಕ್ಕೆ ನಾಲ್ಕೈದು ಚಿತ್ರ ಕೊಟ್ಟಿತು. ಉಳಿದದ್ದರಲ್ಲಿ ಗಾಜಿನ ಮೇಲಿನ ಪಾಚಿಯೇ ಹೀರೋ. ಹೊಸ ಕ್ಯಾಮೆರಾ ಇರುವವರಿಗೆ ಇದು ಚೆನ್ನಾಗಿ ಬರಬಹುದು, ಅಲ್ವಾ. ನನಗೆ ಕೆಲಸ ಮಾಡಿದ್ದು ಬೇರೆ: ಮುಂದಿನ ಗಾಜಿನಿಂದ ನಾಲ್ಕು ಬೆರಳು ಹಿಂದಿರುವ ಗಿಡದ ಎಲೆಗೆ ಫೋಕಸ್ ಮಾಡಿ, ಆಟೋಫೋಕಸ್ ಆಫ್ ಮಾಡಿ, ಮೀನು ಅಲ್ಲಿಗೆ ಬರುವ ತನಕ ಕಾಯುವುದು. ಓಡುವ ಮೀನಿಗೂ ಒಂದು ರೂಟ್ ಇರುತ್ತದೆ, ಹತ್ತು ನಿಮಿಷ ನೋಡಿದರೆ ಗೊತ್ತಾಗುತ್ತದೆ. ಲೆನ್ಸ್ ಮಾತ್ರ ಗಾಜಿಗೆ ನೇರವಾಗಿರಬೇಕು, ಓರೆ ಹಿಡಿದರೆ ನೀರೂ ಗಾಜೂ ಸೇರಿ ಅಂಚುಗಳನ್ನೆಲ್ಲ ಕದಡಿಬಿಡುತ್ತವೆ. ಹೀಗೆ ಮಾಡಿದ ಮೇಲೆ ನಾಲ್ಕಕ್ಕೆ ಒಂದು ಚಿತ್ರ ಉಳಿಸಿಕೊಳ್ಳುವ ಹಾಗೆ ಬಂತು.

ಊಟ ಹಾಕಿ ಮುಂದಕ್ಕೆ ಕರೆಯುವ ಉಪಾಯ ಹಲವರು ಹೇಳುತ್ತಾರೆ. ಫೋನಿನ ವಿಡಿಯೊಗೆ ಸರಿ. ಫ್ಲ್ಯಾಶ್‌ಗೆ ಬೇಡ, ತೇಲುವ ಪುಡಿಯೆಲ್ಲ ನಕ್ಷತ್ರದ ಹಾಗೆ ಹೊಳೆಯುತ್ತದೆ. ನಾನು ಫಿಲ್ಟರ್ ಆಫ್ ಮಾಡಿ ಕಾಲು ಗಂಟೆ ಬಿಡುತ್ತೇನೆ, ಕಸ ತಳಕ್ಕೆ ಕೂರುತ್ತದೆ. ಒಂದು ದಿನ ಮತ್ತೆ ಆನ್ ಮಾಡುವುದನ್ನು ಮರೆತು ರಾತ್ರಿ ಊಟಕ್ಕೆ ಕೂತಾಗ ನೆನಪಾಯಿತು. ಈಗ ಸ್ವಿಚ್ ಮೇಲೆ ಕೆಂಪು ಸ್ಟಿಕ್ಕರ್ ಇದೆ.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಮಿಸ್ ಕೇರಳದ ಕೆಂಪು ಪಟ್ಟೆ, ಕೆಳಗಿನ ಕಪ್ಪು ಗೆರೆ ಚೆನ್ನಾಗಿ ಬರುತ್ತವೆ. ಆದರೆ ಬೆಳ್ಳಿ ಬಣ್ಣದ ಚಿಪ್ಪು ಕನ್ನಡಿಯ ಹಾಗೆ ಫ್ಲ್ಯಾಶ್ ಬೆಳಕನ್ನು ವಾಪಸ್ ಎಸೆದು ಅಲ್ಲಲ್ಲಿ ಬಿಳಿ ಚುಕ್ಕೆ ಬೀಳುತ್ತದೆ. ಈ ವಿಷಯದಲ್ಲಿ ಫೋನಿನ ವಿಡಿಯೊನೇ ವಾಸಿ. ಬಟರ್ ಪೇಪರ್ ಎರಡು ಪದರ ಮಾಡಿ, ಫ್ಲ್ಯಾಶ್ ಇನ್ನೂ ಒಂದು ಗೇಣು ಮೇಲೆ ಎತ್ತಿ ನೋಡಬೇಕು. ಅದಕ್ಕೆ ಸ್ಟ್ಯಾಂಡ್ ಇಲ್ಲ, ಅಮ್ಮನೇ ಹಿಡಿಯಬೇಕು.