ಜಿಕ್ಯಾಂಪ್6ಎಸ್: ವರ್ಷಗಟ್ಟಲೆ ಬಳಸಿದ ಮೇಲೆ ಹೇಳುತ್ತಿದ್ದೇನೆ

ಜೀವಂತ ಕೋಶದೊಳಗೆ ಕ್ಯಾಲ್ಸಿಯಂ ಏರಿಳಿಯುವುದನ್ನು ನೋಡಲು ಹಲವು ವರ್ಷಗಳಿಂದ ಜಿಕ್ಯಾಂಪ್6ಎಸ್ ಅನ್ನುವ, ಕ್ಯಾಲ್ಸಿಯಂ ಏರಿದಾಗ ಹಸಿರಾಗಿ ಹೊಳೆಯುವ ಪ್ರೋಟೀನ್ ಸೆನ್ಸರನ್ನೇ ಬಳಸುತ್ತಿದ್ದೇನೆ. ಹೊಸಬರು ತರಿಸಬಹುದಾ? ಧಾರಾಳವಾಗಿ. ಆದರೆ ಕ್ಯಾಲ್ಸಿಯಂ ಯಾವಾಗ ಏರಿತು ಅಂತ ಇದು ಚೆನ್ನಾಗಿ ಹೇಳುತ್ತದೆ, ಎಷ್ಟು ಏರಿತು ಅಂತ ಹೇಳುವುದಿಲ್ಲ.

ಇದು ಬಾಟಲಿಯಲ್ಲಿ ಬರುವ ಡೈ (ಬಣ್ಣದ ರಾಸಾಯನಿಕ) ಅಲ್ಲ, ಜೀನ್; ಕೋಶಕ್ಕೆ ಹಾಕಿದರೆ ಕೋಶವೇ ಸೆನ್ಸರ್ ತಯಾರಿಸಿಕೊಳ್ಳುತ್ತದೆ. ಆಡ್‌ಜೀನ್‌ನಿಂದ (ಲ್ಯಾಬ್‌ಗಳಿಗೆ ಪ್ಲಾಸ್ಮಿಡ್ ಹಂಚುವ ಸಂಸ್ಥೆ) ಈ ಜೀನ್ ಇರುವ ಡಿಎನ್‌ಎ ಉಂಗುರ, ಅಂದರೆ ಪ್ಲಾಸ್ಮಿಡ್ (ಸಂಖ್ಯೆ 40753) ತರಿಸಿದರೆ ಅದನ್ನು ಹೊತ್ತ ಬ್ಯಾಕ್ಟೀರಿಯಾ ಅಗರ್ ತುಂಬಿದ ಪುಟ್ಟ ಟ್ಯೂಬಿನಲ್ಲಿ ಬರುತ್ತದೆ. ಅದನ್ನು ಬೆಳೆಸಿ, ಗ್ಲಿಸರಾಲ್ ಬೆರೆಸಿದ ಸ್ಟಾಕ್ ಮಾಡಿ ಮೈನಸ್ 80 ಡಿಗ್ರಿಯಲ್ಲಿ ಇಟ್ಟುಬಿಟ್ಟರೆ ಮತ್ತೆ ಮತ್ತೆ ದುಡ್ಡು ಸುರಿಯಬೇಕಿಲ್ಲ. ಕ್ಯಾಲ್ಸಿಯಂ ಡೈಯಾದ ಫ್ಯೂರಾ-2 ಆದರೆ ಪ್ರತಿ ಸಲ ಕೋಶಕ್ಕೆ ಲೋಡ್ ಮಾಡಬೇಕು, ಪ್ರಯೋಗ ಉದ್ದವಾದರೆ ಡೈ ಕೋಶದಿಂದ ಹೊರಗೆ ಸೋರುತ್ತದೆ.

ಸೆನ್ಸರಿನ ಒಳಗಿನ ಕೆಲಸ ಚೆಂದ. ಇದರ ತಿರುಳು ಜಿಎಫ್‌ಪಿ, ಅಂದರೆ ಹಸಿರಾಗಿ ಹೊಳೆಯುವ ಪ್ರೋಟೀನ್. ಜಿಎಫ್‌ಪಿಯನ್ನು ಮಧ್ಯೆ ಕತ್ತರಿಸಿ, ಹಳೆಯ ತುದಿಗಳನ್ನು ಕೂಡಿಸಿ, ಹೊಸ ತುದಿಗಳಿಗೆ ಒಂದು ಕಡೆ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನಾದ ಕ್ಯಾಲ್ಮೊಡ್ಯುಲಿನ್, ಇನ್ನೊಂದು ಕಡೆ ಎಂ13 ಅನ್ನುವ ಪುಟ್ಟ ಪೆಪ್ಟೈಡ್ (ಪ್ರೋಟೀನ್ ತುಣುಕು) ಅಂಟಿಸಿದ್ದಾರೆ. ಕ್ಯಾಲ್ಸಿಯಂ ಸಿಕ್ಕರೆ ಇವೆರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಹಸಿರು ಬೆಳಕು ಜಾಸ್ತಿಯಾಗುತ್ತದೆ. ಮೊದಲ ಜಿಕ್ಯಾಂಪ್ ಜಪಾನಿನಲ್ಲಿ 2001ರಲ್ಲಿ ಬಂತು, ಈ 6ನೇ ಪೀಳಿಗೆ ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದಿಂದ 2013ರಲ್ಲಿ.

ಈ ಜೀನ್ ಹಾಕಿದ ಎಚ್‌ಇಕೆ ಕೋಶಗಳ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕೋಶಗಳು) ಡಿಶ್‌ಗೆ ಕ್ಯಾಲ್ಸಿಯಂ ಏರಿಸುವ ಎಟಿಪಿ ಹಾಕಿ, 488 ನ್ಯಾನೊಮೀಟರ್ ಲೇಸರ್‌ನಲ್ಲಿ ನೋಡಿ. ಮಂಕಾಗಿದ್ದ ಕೋಶಗಳು ಕೆಲವೇ ಸೆಕೆಂಡಿನಲ್ಲಿ ಹೊತ್ತಿಕೊಳ್ಳುತ್ತವೆ. ಎಲ್ಲವೂ ಒಟ್ಟಿಗಲ್ಲ. ಒಂದು ಕೋಶ ಒಮ್ಮೆ ಮಿನುಗಿ ಸುಮ್ಮನಾದರೆ ಪಕ್ಕದ್ದು ಏರಿ, ಇಳಿದು, ಮತ್ತೆ ಏರುತ್ತಲೇ ಇರುತ್ತದೆ. ಇಡೀ ಡಿಶ್‌ನ ಸರಾಸರಿ ತೆಗೆದರೆ ಈ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ, ಅಲ್ವಾ? ಒಂದೊಂದು ಕೋಶವನ್ನೂ ಬೇರೆಬೇರೆಯಾಗಿ ತೋರಿಸುವ ಈ ಸೆನ್ಸರ್ ಬಿಡಲು ನನಗೆ ಮನಸ್ಸಾಗದಿರುವುದು ಇದಕ್ಕೇ.

ಈಗ ತಕರಾರುಗಳು. ಇದು ಒಂದೇ ಬಣ್ಣದ ಸೆನ್ಸರ್, ಹಾಗಾಗಿ ಕೋಶದಲ್ಲಿ ಸೆನ್ಸರ್ ಪ್ರೋಟೀನ್ ಹೆಚ್ಚಿದ್ದರೂ ಬೆಳಕು ಹೆಚ್ಚೇ. ಕ್ಯಾಲ್ಸಿಯಂ ಎಷ್ಟಿದೆ ಅನ್ನುವ ನ್ಯಾನೊಮೋಲಾರ್ ಲೆಕ್ಕ ಬೇಕಿದ್ದರೆ 340 ಮತ್ತು 380 ನ್ಯಾನೊಮೀಟರ್ ಬೆಳಕಿನಲ್ಲಿ ಸಿಗುವ ಹೊಳಪಿನ ಅನುಪಾತ ಕೊಡುವ ಫ್ಯೂರಾ-2 ಕಡೆಗೇ ಹೋಗಿ. ಕೋಶ ಆಮ್ಲೀಯವಾದರೆ ಕ್ಯಾಲ್ಸಿಯಂ ಬದಲಾಗದಿದ್ದರೂ ಬೆಳಕು ಕುಗ್ಗುತ್ತದೆ, ಪಿಎಚ್ ಬದಲಾಗುವ ಪ್ರಯೋಗದಲ್ಲಿ ಕಂಟ್ರೋಲ್ ಇಲ್ಲದೆ ಯಾವುದನ್ನೂ ನಂಬಬೇಡಿ. ನ್ಯೂರಾನ್‌ಗಳಿಗೆ ವೈರಸ್ ಮೂಲಕ ಈ ಜೀನ್ ಹಾಕಿ ತುಂಬಾ ದಿನ ಬಿಟ್ಟರೆ ನ್ಯೂಕ್ಲಿಯಸ್ ಕೂಡ ಹಸಿರಾಗುತ್ತದೆ. ಅಂಥ ಕೋಶ ಎಷ್ಟೇ ಚೆನ್ನಾಗಿ ಹೊಳೆಯಲಿ, ಡೇಟಾದಿಂದ ತೆಗೆದುಹಾಕಿ, ಅದರ ಆರೋಗ್ಯ ಕೆಟ್ಟಿರುತ್ತದೆ. ಮತ್ತೆ, 6ಎಸ್ ನಿಧಾನ. ನ್ಯೂರಾನ್‌ನಲ್ಲಿ ಬೇಗ ಬೇಗ ಬರುವ ಸ್ಪೈಕ್‌ಗಳನ್ನು (ವಿದ್ಯುತ್ ಮಿಡಿತಗಳನ್ನು) ಬಿಡಿಬಿಡಿಯಾಗಿ ನೋಡಲು ಇದೇ ಪೀಳಿಗೆಯ ವೇಗದ 6ಎಫ್ ಅಥವಾ ಜಿಕ್ಯಾಂಪ್8 ಸರಣಿ ಒಳ್ಳೆಯದು.

ಪ್ರತಿ ರೆಕಾರ್ಡಿಂಗ್ ಕೊನೆಯಲ್ಲಿ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿಸುವ ಅಯೊನೊಮೈಸಿನ್ ಹಾಕಿ ಗರಿಷ್ಠ ಬೆಳಕು ನೋಡಿಕೊಳ್ಳಿ. ಆಗಲೂ ಏರದ ಕೋಶವನ್ನು ಎಣಿಸಬೇಡಿ. ಲ್ಯಾಬಿಗೆ ಹೊಸದಾಗಿ ಬಂದವರ ಕೈಗೆ ನಾನು ಮೊದಲು ಕೊಡುವುದು ಈಗಲೂ 6ಎಸ್ಸೇ.