ಕಿರುಚುವ ಎ.ಸಿ. ಬೆಲ್ಟು ಮತ್ತು ರಿಂಗ್ ರಸ್ತೆಯ ಗ್ಯಾರೇಜು

ಕಲಬುರಗಿಯ ರಿಂಗ್ ರಸ್ತೆಯಲ್ಲಿ ವಾಹನಗಳ ಎ.ಸಿ. ಮತ್ತು ವೈರಿಂಗ್ ಕೆಲಸವನ್ನೇ ಮುಖ್ಯವಾಗಿ ಮಾಡುವ ಈ ಚಿಕ್ಕ ಗ್ಯಾರೇಜಿನಲ್ಲಿ ನಮ್ಮ ಮಾರುತಿ ಸುಜುಕಿ ಈಕೋ ವ್ಯಾನಿನ ಎ.ಸಿ. ಬೆಲ್ಟನ್ನು, ಅಂದರೆ ಎ.ಸಿ. ಗ್ಯಾಸನ್ನು ಒತ್ತುವ ಕಂಪ್ರೆಸರನ್ನು ಎಂಜಿನ್ನಿನ ಬಲದಿಂದ ತಿರುಗಿಸುವ ರಬ್ಬರ್ ಪಟ್ಟಿಯನ್ನು, ಇತ್ತೀಚೆಗೆ ಬದಲಿಸಿಕೊಂಡೆವು. ಹೇಳಿಕೊಳ್ಳುವಷ್ಟು ದೊಡ್ಡ ರಿಪೇರಿಯೇನಲ್ಲ. ಆದರೂ ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ: ಹೊಸ ಬೆಲ್ಟ್ ತೊಡಿಸುವುದಕ್ಕೆ ಮೊದಲು ಹಳೆಯದು ಯಾಕೆ ಸವೆಯಿತು ಎಂಬುದನ್ನು ಹುಡುಕಲು ಇಲ್ಲಿನ ಮೇಸ್ತ್ರಿ ಹೊತ್ತು ಕೊಟ್ಟರು, ಮತ್ತು ನಾವು ಕೊಟ್ಟ ಹಣಕ್ಕೆ ನಿಜವಾದ ಬೆಲೆ ಬಂದದ್ದು ಆ ಹುಡುಕಾಟದಲ್ಲಿ.

ಏಪ್ರಿಲ್ ಬಂತೆಂದರೆ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮನೆಯ ಹಿರಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಡುವವರಿಗೆ ಎ.ಸಿ. ಶೋಕಿಯಲ್ಲ. ನಮ್ಮ ವ್ಯಾನಿನಲ್ಲಿ ಮೊದಲು ಸಿಗ್ನಲ್‌ನಲ್ಲಿ ನಿಂತಾಗ ತಂಪು ಕಡಿಮೆಯಾಗತೊಡಗಿತು, ಆಮೇಲೆ ಎ.ಸಿ. ಗುಂಡಿ ಒತ್ತಿದ ಕ್ಷಣಕ್ಕೆ ಸೀಟಿನ ಕೆಳಗಿನಿಂದ ಕಿರ್ರೆಂಬ ಸದ್ದು ಸೇರಿಕೊಂಡಿತು. ಇದಕ್ಕೂ ಮುಂಚೆ ತೋರಿಸಿದ್ದ ಇನ್ನೊಂದು ಕಡೆ ಒತ್ತಡ ಅಳೆಯುವ ಗೇಜ್ ಕೂಡ ಹಚ್ಚದೆ ಗ್ಯಾಸ್ ತುಂಬಿ ಕಳಿಸಿದ್ದರು. ತಂಪಿಲ್ಲ ಎಂದವರಿಗೆಲ್ಲ ಗ್ಯಾಸ್ ಮಾರುವುದು ನಮ್ಮ ಕಡೆ ಒಂದು ರೂಢಿಯೇ ಆಗಿದೆ. ಬೆಲ್ಟ್ ಜಾರುತ್ತಿರುವ ಗಾಡಿಗೆ ಅಳತೆ ಮೀರಿ ಗ್ಯಾಸ್ ತುಂಬಿದರೆ ಕಂಪ್ರೆಸರ್ ಎದುರಿಸಬೇಕಾದ ಒತ್ತಡ ಏರುತ್ತದೆ, ಅದನ್ನು ತಿರುಗಿಸುವ ಹೊರೆ ಏರುತ್ತದೆ, ಬೆಲ್ಟ್ ಇನ್ನಷ್ಟು ಜಾರುತ್ತದೆ. ನಮ್ಮಲ್ಲಿ ಸದ್ದು ಹೆಚ್ಚಾದದ್ದೂ ಆ ಗ್ಯಾಸ್ ತುಂಬಿಸಿಕೊಂಡ ನಂತರವೇ.

ಈ ಗ್ಯಾರೇಜಿನ ಮೇಸ್ತ್ರಿ ಮೊದಲು ಗ್ಯಾಸಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರಿನ ಫ್ಯಾನ್ ಸರಿಯಾಗಿ ತಿರುಗುತ್ತಿದೆಯೇ ಎಂದು ನೋಡಿದರು, ಏಕೆಂದರೆ ನಿಂತಾಗ ಮಾತ್ರ ತಂಪು ಕಡಿಮೆಯಾಗುವುದಕ್ಕೆ ಆ ಫ್ಯಾನ್ ಕೂಡ ಕಾರಣವಾಗಬಹುದು. ಆಮೇಲೆ ಗೇಜ್ ಹಚ್ಚಿ ಹೆಚ್ಚಾಗಿದ್ದ ಗ್ಯಾಸನ್ನು ಯಂತ್ರದಿಂದ ಎಳೆದು ಅಳತೆಗೆ ತಂದರು. ಅಷ್ಟಾದರೂ ಸದ್ದು ಪೂರ್ತಿ ಹೋಗಲಿಲ್ಲ. ಆಗ ಎಂಜಿನ್ ಓಡುತ್ತಿರುವಾಗಲೇ ಬಾಟಲಿಯಿಂದ ಬೆಲ್ಟಿನ ಹಲ್ಲಿನ (ಉದ್ದಕ್ಕೂ ಓಡುವ ಏಣುಗಳ) ಬದಿಗೆ ಸ್ವಲ್ಪ ನೀರು ಚಿಮುಕಿಸಿದರು. ನೀರು ಬಿದ್ದೊಡನೆ ಸದ್ದು ಕ್ಷಣಕಾಲ ಅಡಗಿದರೆ ಬೆಲ್ಟ್ ಸುತ್ತಿಕೊಂಡು ಓಡುವ ಚಕ್ರಗಳು, ಅಂದರೆ ಪುಲ್ಲಿಗಳು, ಒಂದೇ ಸಾಲಿನಲ್ಲಿಲ್ಲ ಎಂದರ್ಥ. ಸದ್ದು ಜೋರಾದರೆ ಬೆಲ್ಟ್ ಸಡಿಲವಾಗಿ ಜಾರುತ್ತಿದೆ ಎಂದರ್ಥ. ನಮ್ಮದು ಜೋರಾಯಿತು. ಕಿರುಚುವ ಬೆಲ್ಟಿಗೆ ಸಾಬೂನು ಉಜ್ಜುವ, ಸ್ಪ್ರೇ ಹೊಡೆಯುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಅದರಿಂದ ಸದ್ದು ಒಂದೆರಡು ದಿನ ನಿಲ್ಲಬಹುದು, ಜಾರುವುದು ನಿಲ್ಲುವುದಿಲ್ಲ. ಇಲ್ಲಿ ಅಂಥ ಉಪಾಯವನ್ನು ಯಾರೂ ಸೂಚಿಸಲಿಲ್ಲ.

ಈಕೋದಲ್ಲಿ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಹೀಗಾಗಿ ಬಾನೆಟ್ ಎತ್ತಿ ಐದು ನಿಮಿಷದಲ್ಲಿ ಮುಗಿಸುವ ಕೆಲಸ ಇದಲ್ಲ. ಸೀಟು ತೆಗೆದು ಮೇಲಿನಿಂದ ಸ್ವಲ್ಪ, ಗಾಡಿಯನ್ನು ಎತ್ತಿ ಕೆಳಗಿನಿಂದ ಸ್ವಲ್ಪ ಕೈ ಆಡಿಸಬೇಕಾಗುತ್ತದೆ, ಅದಕ್ಕೂ ಮುಂಚೆ ಎಂಜಿನ್ ತಣ್ಣಗಾಗುವವರೆಗೆ ಕಾಯಬೇಕಾಗುತ್ತದೆ. ಮೇಸ್ತ್ರಿ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದರು, ಗಾಡಿಯ ಕೀಲಿಯನ್ನು ತೆಗೆದು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. ಪುಲ್ಲಿಗಳ ನಡುವೆ ಬೆರಳಿಟ್ಟಿರುವಾಗ ಇನ್ಯಾರೋ ಬಂದು ಸ್ಟಾರ್ಟ್ ಮಾಡಬಾರದೆಂಬ ಈ ಎಚ್ಚರವನ್ನು ದೊಡ್ಡ ದೊಡ್ಡ ವರ್ಕ್‌ಶಾಪುಗಳಲ್ಲಿಯೂ ನಾನು ಕಂಡದ್ದು ಅಪರೂಪ.

ಬಿಚ್ಚಿದ ಬೆಲ್ಟನ್ನು ನೋಡಿದಾಗ ನನಗೆ ಮೊದಲು ಅನುಮಾನವೇ ಬಂತು, ಏಕೆಂದರೆ ಅದರಲ್ಲಿ ಒಂದು ಬಿರುಕೂ ಇರಲಿಲ್ಲ. ಹಿಂದೆ ಬೆಲ್ಟುಗಳನ್ನು ಹೆಚ್ಚಾಗಿ ನಿಯೋಪ್ರೀನ್ ರಬ್ಬರಿನಿಂದ ಮಾಡುತ್ತಿದ್ದರು. ಅವು ಹಳತಾದಂತೆ ಹಲ್ಲುಗಳ ಅಡ್ಡಕ್ಕೆ ಬಿರುಕು ಬಿಡುತ್ತಿದ್ದವು, ನೋಡಿದವರಿಗೆ ಗೊತ್ತಾಗುತ್ತಿತ್ತು. ಈಗಿನವು ಬಹುಪಾಲು ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರಿನವು. ಇವು ಸುಲಭಕ್ಕೆ ಬಿರಿಯುವುದಿಲ್ಲ, ಟೈರಿನಂತೆ ಮೆಲ್ಲಗೆ ತೇಯುತ್ತವೆ. ಹಲ್ಲುಗಳ ನಡುವಿನ ಕಣಿವೆ ಅಗಲವಾಗುತ್ತ ಹೋಗಿ, ಕೊನೆಗೆ ಪುಲ್ಲಿಯ ಏಣುಗಳು ಆ ಕಣಿವೆಯ ತಳವನ್ನು ಮುಟ್ಟಿ, ಇಕ್ಕೆಲಗಳ ಹಿಡಿತ ತಪ್ಪುತ್ತದೆ. ಮೇಸ್ತ್ರಿ ಹೊಸ ಬೆಲ್ಟನ್ನು ಹಳೆಯದರ ಪಕ್ಕಕ್ಕೆ ಹಿಡಿದು ಎರಡರ ಕಣಿವೆಯಲ್ಲೂ ಹೆಬ್ಬೆರಳಿನ ಉಗುರು ಎಳೆದು ತೋರಿಸಿದರು: ಹೊಸದರಲ್ಲಿ ಉಗುರು ಇಕ್ಕಟ್ಟಿಗೆ ಸಿಕ್ಕಿಕೊಂಡಿತು, ಹಳೆಯದರಲ್ಲಿ ಸಲೀಸಾಗಿ ಅತ್ತಿತ್ತ ಆಡಿತು. ಕಣ್ಣಿಗೆ ಚೆನ್ನಾಗಿ ಕಾಣುವ ಬೆಲ್ಟೂ ಕೆಲಸಕ್ಕೆ ಬಾರದ್ದಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕಿಲ್ಲ.

ಬೇರೆಯವರಾಗಿದ್ದರೆ ಇಷ್ಟಕ್ಕೇ ಹೊಸದನ್ನು ತೊಡಿಸಿ ಕಳಿಸುತ್ತಿದ್ದರು. ಇವರು ಹಳೆಯ ಬೆಲ್ಟಿನ ಒಂದು ಅಂಚು ಮಾತ್ರ ಎಳೆ ಬಿಟ್ಟಿರುವುದನ್ನು ಗಮನಿಸಿ, ಬೆಲ್ಟ್ ಇಲ್ಲದ ಪುಲ್ಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿದರು. ಕಂಪ್ರೆಸರಿನ ಪುಲ್ಲಿ ಸದ್ದಿಲ್ಲದೆ ತಿರುಗಿತು. ಎ.ಸಿ. ಆರಿಸಿದಾಗಲೂ ಆ ಪುಲ್ಲಿ ತಿರುಗುತ್ತಲೇ ಇರುತ್ತದೆ, ಒಳಗಿನ ಕ್ಲಚ್ ಮಾತ್ರ ಬಿಟ್ಟುಕೊಳ್ಳುತ್ತದೆ; ಆದ್ದರಿಂದ ಅದರ ಬೇರಿಂಗ್ ನೋಡದೆ ಬೆಲ್ಟ್ ಹಾಕುವುದು ಅರ್ಧ ಕೆಲಸ. ಬೆಲ್ಟನ್ನು ಬಿಗಿಯುವ ಟೆನ್ಷನರ್ ಪುಲ್ಲಿ ಮಾತ್ರ ಒಳಗೆ ಮರಳು ಇದ್ದಂತೆ ಗರಗರ ಎಂದಿತು, ಅಂಚು ಹಿಡಿದು ಅಲ್ಲಾಡಿಸಿದರೆ ಓಲಾಡಿತು. "ಬೆಲ್ಟಿನ ತಪ್ಪಿಲ್ರೀ ಸರ, ಬೇರಿಂಗ್ ಹೋಗ್ಯಾದ" ಎಂದರು. ಬೇರಿಂಗ್ ಸವೆದಂತೆ ಪುಲ್ಲಿ ಓರೆಯಾಗಿ, ಬಿಗಿ ಕಳೆದು, ಬೆಲ್ಟ್ ಒಂದು ಬದಿಗೆ ಉಜ್ಜಿಕೊಂಡು ಓಡಿದೆ. ಅದನ್ನು ಹಾಗೇ ಬಿಟ್ಟು ಹೊಸ ಬೆಲ್ಟ್ ಹಾಕಿದ್ದರೆ ಅದರ ಗತಿಯೂ ಇದೇ ಆಗುತ್ತಿತ್ತು. ಪುಲ್ಲಿಯೊಳಗಿನ ಬೇರಿಂಗ್ ಬಿಡಿಯಾಗಿ ಸಿಗುವಂಥದ್ದಾದ್ದರಿಂದ, ಇಡೀ ಪುಲ್ಲಿಯನ್ನು ನಮ್ಮ ತಲೆಗೆ ಕಟ್ಟದೆ ಅದನ್ನಷ್ಟೇ ಒತ್ತಿ ತೆಗೆದು ಎರಡೂ ಬದಿ ಮುಚ್ಚಿದ ಹೊಸ ಬೇರಿಂಗ್ ಕೂರಿಸಿದರು. ಪುಲ್ಲಿಗಳ ತೋಡುಗಳಲ್ಲಿ ಸೇರಿದ್ದ ರಬ್ಬರ್ ಪುಡಿಯನ್ನು ಬ್ರಷ್ಷಿನಿಂದ ತೆಗೆದ ಮೇಲೆ, ಮುಖಕ್ಕೆ ಉಕ್ಕಿನ ಪಟ್ಟಿ ಇಟ್ಟು ಎಲ್ಲವೂ ಒಂದೇ ಸಾಲಿನಲ್ಲಿವೆಯೇ ಎಂದು ನೋಡಿದರು.

ಬೆಲ್ಟ್ ಕೊಳ್ಳುವವರು ಅದರ ಬೆನ್ನಿನ ಮೇಲಿನ ಸಂಖ್ಯೆಯನ್ನು ಓದಲು ಕಲಿತರೆ ಒಳ್ಳೆಯದು. ಉದಾಹರಣೆಗೆ 4 ಪಿಕೆ 850 ಎಂದಿದ್ದರೆ ನಾಲ್ಕು ಹಲ್ಲಿನ, ಹಲ್ಲಿನಿಂದ ಹಲ್ಲಿಗೆ 3.56 ಮಿ.ಮೀ. ಅಂತರವಿರುವ, 850 ಮಿ.ಮೀ. ಸುತ್ತಳತೆಯ ಬೆಲ್ಟ್ ಅದು. ಇಲ್ಲಿ ಹಳೆಯದರ ಸಂಖ್ಯೆಯನ್ನೂ ವ್ಯಾನಿನ ಮಾಡೆಲ್ ವರ್ಷವನ್ನೂ ಎರಡನ್ನೂ ಹೊಂದಿಸಿ ನೋಡಿಯೇ ಕಂಪನಿ ಪಾರ್ಟ್ ತರಿಸಿದರು. ಹಾಕುವಾಗ ಪ್ರತಿ ಹಲ್ಲೂ ತನ್ನ ತೋಡಿನಲ್ಲೇ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ, ಸ್ಪ್ಯಾನರಿನಿಂದ ಎಂಜಿನ್ನನ್ನು ಕೈಯಲ್ಲೇ ಒಂದೆರಡು ಸುತ್ತು ತಿರುಗಿಸಿ, ಆಮೇಲಷ್ಟೇ ಸ್ಟಾರ್ಟ್ ಮಾಡಿದರು. ಒಂದು ಹಲ್ಲು ಪಕ್ಕಕ್ಕೆ ಸರಿದು ಕೂತರೂ ಹೊಸ ಬೆಲ್ಟ್ ಬೇಗ ಹರಿದುಹೋಗುತ್ತದೆ.

ನನ್ನ ಆಕ್ಷೇಪ ಇರುವುದು ಬಿಗಿತದ ಅಳತೆಯ ಬಗ್ಗೆ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ, ಎಷ್ಟು ತಗ್ಗುತ್ತದೆ ಎಂಬುದನ್ನು ಸ್ಕೇಲಿನಲ್ಲಿ ಅಳೆದು ನಿರ್ಧರಿಸಿದರು. ಅನುಭವಿ ಕೈ, ಒಪ್ಪುತ್ತೇನೆ. ಆದರೆ ಗ್ಯಾಸ್ ಎಳೆಯುವ ಯಂತ್ರಕ್ಕೆ ಅಷ್ಟು ಹಣ ಹಾಕಿರುವವರು ಒಂದು ಟೆನ್ಷನ್ ಗೇಜ್ ಇಟ್ಟುಕೊಳ್ಳಲು ಹಿಂಜರಿಯಬೇಕಾಗಿಲ್ಲ. ಸಡಿಲವಾದರೆ ಬೆಲ್ಟ್ ಹೋಗುತ್ತದೆ, ಅತಿ ಬಿಗಿಯಾದರೆ ಕಂಪ್ರೆಸರಿನ ಬೇರಿಂಗ್ ಹೋಗುತ್ತದೆ, ಎರಡನೆಯದರ ಖರ್ಚು ಬಹಳ ದೊಡ್ಡದು. ಹೊಸ ಬೆಲ್ಟ್ ಸ್ವಲ್ಪ ಓಡಿದ ಮೇಲೆ ಹಿಗ್ಗಿ ಕೂರುವುದರಿಂದ ಮತ್ತೊಮ್ಮೆ ಬರಲು ಅವರೇ ಹೇಳಿದ್ದರು. ಹೋದಾಗ ಬಿಗಿಯನ್ನು ಮತ್ತೆ ಹೊಂದಿಸಿಕೊಟ್ಟು ಹಣ ತೆಗೆದುಕೊಳ್ಳಲಿಲ್ಲ.

ಬೆಲ್ಟ್, ಬೇರಿಂಗ್, ಗ್ಯಾಸ್ ಸರಿಪಡಿಸಿದ್ದು, ಕೂಲಿ ಎಲ್ಲ ಸೇರಿ 1,900 ರೂಪಾಯಿ ಆಯಿತು. ಈಗ ಗುಂಡಿ ಒತ್ತಿದರೆ ಸದ್ದಿಲ್ಲ, ಸಿಗ್ನಲ್‌ನಲ್ಲಿ ನಿಂತರೂ ತಂಪು ಇಳಿಯುವುದಿಲ್ಲ. ಬಿಲ್ಲನ್ನು ಮಾತ್ರ ಕೇಳಿ ಬರೆಸಿಕೊಳ್ಳಬೇಕು, ಕೇಳದಿದ್ದರೆ ಚೀಟಿಯ ಮೇಲೆ ಒಟ್ಟು ಮೊತ್ತವಷ್ಟೇ ಬರುತ್ತದೆ. ಪಾರ್ಟಿನ ವಾರಂಟಿ ಬೇಕೆನ್ನುವವರು ಇದನ್ನು ಮರೆಯಬಾರದು. ಕೂತು ಕಾಯಲು ಒಂದು ಬೆಂಚಿದೆ, ಮಧ್ಯಾಹ್ನ ಅದರ ಮೇಲೆ ನೆರಳಿರುವುದಿಲ್ಲ. ಈಕೋದಂತೆ ಸೀಟು ತೆಗೆಯಬೇಕಾದ ಗಾಡಿಗಳನ್ನು ಎಂಜಿನ್ ತಣ್ಣಗಿರುವಾಗಲೇ ಬೆಳಿಗ್ಗೆ ಬಿಟ್ಟರೆ ಅದೇ ದಿನ ಸಿಗುತ್ತವೆ, ಹನ್ನೊಂದರ ಮೇಲೆ ಹೋದರೆ ಮರುದಿನಕ್ಕೆ ಬರಲು ಹೇಳುತ್ತಾರೆ.