ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ ಆರ್‌ಎಸ್ 230: ಲಕ್ಷ ಕಿ.ಮೀ. ಹತ್ತಿರ ಬಂದಾಗ ದುಡ್ಡು ಹೋಗೋದು ಎಲ್ಲಿಗೆ

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ನಮ್ಮಲ್ಲಿಗೆ ಬಂದಿದ್ದು 2017ರ ಆಗಸ್ಟ್ ಕೊನೆಯಲ್ಲಿ, ಎಕ್ಸ್-ಶೋರೂಂ 24.62 ಲಕ್ಷಕ್ಕೆ. 2 ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್, 350 ಎನ್‌ಎಂ, ಆರು ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್). ಹಿಂದೆ 590 ಲೀಟರ್ ಡಿಕ್ಕಿ ಇರೋದರಿಂದ ಮನೆಮಂದಿಯನ್ನು ಒಪ್ಪಿಸೋದು ಕಷ್ಟವಲ್ಲ. ಈಗ ಇವೆಲ್ಲ ಎರಡನೇ, ಮೂರನೇ ಮಾಲೀಕರ ಕೈಗೆ ಬರುತ್ತಿವೆ. ಎಂಜಿನ್ ಗಟ್ಟಿ. ಜೇಬಿಗೆ ಕೈ ಹಾಕಿಸೋದು ಅದರ ಸುತ್ತ ಇರುವ ಪ್ಲಾಸ್ಟಿಕ್, ರಬ್ಬರ್ ಮತ್ತು ಎಣ್ಣೆ.

ಈ ಕಾರಿನ ಮಾತೆತ್ತಿದರೆ ಮೊದಲು ಕೇಳೋದು, "ಡಿಎಸ್‌ಜಿ ಅಲ್ವಾ, ಕೈ ಕೊಡಲ್ವಾ?" ಅಂತ. ಆ ಹೆಸರು ಕೆಟ್ಟಿದ್ದು ಡಿಕ್ಯೂ200 ಎಂಬ ಏಳು ಗೇರಿನ ಡ್ರೈ ಕ್ಲಚ್ ಗೇರ್‌ಬಾಕ್ಸಿನಿಂದ. ಮಾಮೂಲಿ ಆಕ್ಟೇವಿಯಾ 1.8 ಟಿಎಸ್‌ಐಯಲ್ಲಿ ಇರೋದು ಅದು. ಆರ್‌ಎಸ್‌ನಲ್ಲಿರೋದು ಡಿಕ್ಯೂ250. ಇದರ ಕ್ಲಚ್‌ಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ತೆವಳಿದರೂ ಬಿಸಿಯನ್ನು ಆ ಎಣ್ಣೆ ಎಳೆದುಕೊಳ್ಳುತ್ತದೆ. ಅದಕ್ಕೇ 60,000 ಕಿ.ಮೀ.ಗೊಮ್ಮೆ ಎಣ್ಣೆ ಮತ್ತು ಫಿಲ್ಟರ್ ಎರಡನ್ನೂ ಬದಲಿಸಲೇಬೇಕು. ಐದೂಕಾಲು ಲೀಟರ್ ಆಸುಪಾಸು ಹಿಡಿಯುತ್ತದೆ. ತುಂಬಿಸೋದಕ್ಕಿಂತ ಮಟ್ಟ ನೋಡೋದೇ ಸೂಕ್ಷ್ಮ ಕೆಲಸ: ಕಾರು ಸಮತಟ್ಟಾಗಿ ನಿಂತಿರಬೇಕು, ಎಂಜಿನ್ ಓಡುತ್ತಿರಬೇಕು, ಸ್ಕ್ಯಾನರ್‌ನಲ್ಲಿ ಗೇರ್ ಎಣ್ಣೆಯ ಉಷ್ಣತೆ 35ರಿಂದ 45 ಡಿಗ್ರಿ ಒಳಗಿರಬೇಕು. ಆಗ ಕೆಳಗಿನ ಪ್ಲಗ್ ಬಿಚ್ಚಿದರೆ ಹೆಚ್ಚಾದದ್ದು ಒಳಗಿನ ಕೊಳವೆಯಿಂದ ಸುರಿದು ಕೊನೆಗೆ ಹನಿಹನಿಯಾಗುತ್ತದೆ. ಅದೇ ಸರಿಯಾದ ಮಟ್ಟ. ಸ್ಕ್ಯಾನರ್ ಹಾಕದೆ ಅಂದಾಜಿನ ಮೇಲೆ ಮಾಡುವ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ. ಐಡಲ್‌ನಲ್ಲಿ ಗೇರ್‌ಬಾಕ್ಸ್ ಕಡೆಯಿಂದ ಗಲಗಲ ಸದ್ದು ಬಂದರೆ ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಅದುರುವಿಕೆ ತಗ್ಗಿಸುವ ಚಕ್ರ) ಮೇಲೆ ಅನುಮಾನ ಇಡಿ. ಅದು ದೊಡ್ಡ ಬಿಲ್ಲು.

ಇನ್ನು ಈ ಇಎ888 ಎಂಜಿನ್ನಿನ ಕುಖ್ಯಾತ ಭಾಗ: ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಒಂದಾಗಿರುವ ಜೋಡಣೆ. ಹೊರಕವಚ ಪ್ಲಾಸ್ಟಿಕ್. ವರ್ಷಗಟ್ಟಲೆ ಕಾದು ತಣಿದು ಅದು ಸ್ವಲ್ಪವೇ ಸೊಟ್ಟಗಾಗುತ್ತದೆ, ಸೀಲ್ ಗಟ್ಟಿಯಾಗುತ್ತದೆ, ಕೂಲೆಂಟ್ ಒಸರಲು ಶುರು. ಜಾಗ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ, ಕತ್ತಲಲ್ಲಿ. ಒಸರಿದ್ದು ಬಿಸಿಗೆ ಆರಿಹೋಗುವುದರಿಂದ ನೆಲದ ಮೇಲೆ ಹನಿಯೂ ಕಾಣದೇ ಇರಬಹುದು. ಟಾರ್ಚ್ ಬಿಟ್ಟು ನೋಡಿದರೆ ಗುಲಾಬಿ ಬಣ್ಣದ ಉಪ್ಪಿನಂಥ ಕರೆ ಕಟ್ಟಿರುತ್ತದೆ, ಗಾಡಿ ನಿಲ್ಲಿಸಿದ ಮೇಲೆ ಸಿಹಿ ವಾಸನೆ. ತಿಂಗಳಿಗೊಮ್ಮೆ ಬೆಳಿಗ್ಗೆ ತಣ್ಣಗಿರುವಾಗ ಟ್ಯಾಂಕಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದಿಡಿ, ಗೆರೆ ಕೆಳಗೆ ಇಳಿಯುತ್ತಿದ್ದರೆ ಪಂಪ್ ಹೋಗುತ್ತಿದೆ ಎಂದೇ ತಿಳಿಯಿರಿ. ಬರೀ ಸೀಲ್ ಹಾಕಿಸಿ ಉಳಿತಾಯ ಮಾಡಲು ಹೋಗಬೇಡಿ. ಭಾಗದ ಬೆಲೆಗಿಂತ ಬಿಚ್ಚಿ ಕೂರಿಸುವ ಕೂಲಿ ನೋಯಿಸುತ್ತದೆ, ಆದ್ದರಿಂದ ಪೂರ್ತಿ ಜೋಡಣೆ ಮತ್ತು ಪಂಪಿನ ಪುಟ್ಟ ಬೆಲ್ಟ್ ಒಟ್ಟಿಗೇ ಹೊಸದು. ಕೂಲೆಂಟ್ ಜಿ13 ಅಥವಾ ಜಿ12 ಇವೊ, ಡಿಸ್ಟಿಲ್ಡ್ ನೀರಿನ ಜೊತೆ ಅರ್ಧಕ್ಕರ್ಧ. ಬೋರ್‌ವೆಲ್ ನೀರು ಸುರಿದರೆ ಮನೆಯ ಗೀಸರ್ ಕಾಯಿಲಿನ ಮೇಲೆ ಕಟ್ಟುವ ಬಿಳಿ ಪದರವೇ ರೇಡಿಯೇಟರಿನೊಳಗೂ ಕಟ್ಟುತ್ತದೆ.

ಎಂಜಿನ್ ಎಣ್ಣೆ 5.7 ಲೀಟರ್. ಕಂಪನಿ ಲೆಕ್ಕ 15,000 ಕಿ.ಮೀ. ಅಥವಾ ಒಂದು ವರ್ಷ. ನಮ್ಮ ಧೂಳು, ಟ್ರಾಫಿಕ್ ನೋಡಿದರೆ 7,500ಕ್ಕೆ ಬದಲಿಸೋದೇ ಜಾಣತನ. ಡಬ್ಬಿಯ ಮೇಲೆ ವಿಡಬ್ಲ್ಯೂ 502 00 ಅಥವಾ 504 00 ಎಂದಿರಬೇಕು. ಫಿಲ್ಟರ್ ಮೇಲ್ಗಡೆ ಸಿಗುತ್ತದೆ, ಆದರೆ ಸಂಪ್‌ನ (ಎಂಜಿನ್ ಕೆಳಗೆ ಎಣ್ಣೆ ತಂಗುವ ತಟ್ಟೆ) ತಳವೂ ಡ್ರೈನ್ ಪ್ಲಗ್ಗೂ ಪ್ಲಾಸ್ಟಿಕ್. ಪ್ಲಗ್ ಪ್ರತಿ ಸಲ ಹೊಸದೇ. ಹಳೆಯದನ್ನೇ ಬಿಗಿಮಾಡಿ ಕಳಿಸಿದರೆ ಎರಡು ವಾರಕ್ಕೆ ಒಸರುತ್ತದೆ.

ನಡುವೆ ಎಣ್ಣೆ ಟಾಪಪ್ ಬೇಕಾಗುತ್ತದೆ, ಗಾಬರಿ ಬೇಡ. ಕೈಪಿಡಿಯೇ 1,000 ಕಿ.ಮೀ.ಗೆ ಅರ್ಧ ಲೀಟರ್‌ವರೆಗೆ ಒಪ್ಪುತ್ತದೆ (ಅಷ್ಟು ಕುಡಿಯುವ ಕಾರನ್ನು ಕೊಳ್ಳುವುದು ಬೇಡ ಅನ್ನೋದು ಬೇರೆ ಮಾತು). ಐಡಲ್‌ನಲ್ಲಿ ಸಿಳ್ಳೆಯಂಥ ಸದ್ದು, ಆಯಿಲ್ ಕ್ಯಾಪ್ ಎತ್ತಲು ಹೋದರೆ ಒಳಗಿನಿಂದ ಯಾರೋ ಎಳೆದು ಹಿಡಿದ ಹಾಗೆ ಆಗುತ್ತಿದ್ದರೆ ಪಿಸಿವಿ ವಾಲ್ವಿನ (ಎಂಜಿನ್ನೊಳಗಿನ ಆವಿಯನ್ನು ಇನ್‌ಟೇಕ್‌ಗೆ ಬಿಡುವ ವಾಲ್ವ್) ಪೊರೆ ಹರಿದಿದೆ. ಅದನ್ನು ಹಾಗೇ ಬಿಟ್ಟರೆ ಆ ಎಳೆತಕ್ಕೆ ಕ್ರ್ಯಾಂಕಿನ ಹಿಂದಿನ ಸೀಲ್ ಹಾಳಾಗುತ್ತದೆ. ವಾಲ್ವ್ ಬದಲಿಸೋದು ಅರ್ಧ ಗಂಟೆಯ ಕೆಲಸ, ಸೀಲ್‌ಗೆ ಗೇರ್‌ಬಾಕ್ಸೇ ಇಳಿಸಬೇಕು. ಸ್ಪಾರ್ಕ್ ಪ್ಲಗ್ 60,000ಕ್ಕೆ.

ಪೆಟ್ರೋಲ್ ವಿಷಯ. ಬೆಂಗಳೂರಿನೊಳಗೆ ಲೀಟರಿಗೆ 7ರಿಂದ 9 ಕಿ.ಮೀ., ಹೈವೇಯಲ್ಲಿ ತಾಳ್ಮೆಯಿದ್ದರೆ 13. ವರ್ಷಕ್ಕೆ 12,000 ಕಿ.ಮೀ., ಲೀಟರಿಗೆ 8 ಎಂದರೆ 1,500 ಲೀಟರ್. ನೂರು ರೂಪಾಯಿ ಲೆಕ್ಕದಲ್ಲೇ ಒಂದೂವರೆ ಲಕ್ಷ. ಮಾಮೂಲಿ ವರ್ಷದ ಸರ್ವಿಸ್ ಇದರ ಮುಂದೆ ಚಿಲ್ಲರೆ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಂದ ಮೇಲೆ ಎಲ್ಲರೂ ಆಕ್ಟೇನ್ (ಎಂಜಿನ್ ನಾಕ್ ಆಗದಂತೆ ತಡೆಯುವ ಗುಣ) ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ, ಅದು ತಪ್ಪು ಕಡೆಯ ಚಿಂತೆ: ಎಥನಾಲ್‌ನಿಂದ ಆಕ್ಟೇನ್ ಏರುತ್ತದೆ, ಇಳಿಯುವುದಿಲ್ಲ. ತಗ್ಗೋದು ಮೈಲೇಜ್, ಏಕೆಂದರೆ ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಜೊತೆಗೆ ಅದು ತೇವ ಹೀರುತ್ತದೆ. ವಾರಕ್ಕೊಮ್ಮೆ ಹೊರತೆಗೆಯುವ ಕಾರಾದರೆ 50 ಲೀಟರ್ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಟೈರ್ 225/45 ಆರ್17. ಪಕ್ಕದ ಗೋಡೆ ತೆಳು, ಗುಂಡಿಗೆ ಬಿದ್ದರೆ ಬೋರೆಕಾಯಿಯಂಥ ಉಬ್ಬು ಏಳುತ್ತದೆ, ಅದಕ್ಕೆ ರಿಪೇರಿ ಇಲ್ಲ. ಮುಂದಿನ ಲೋಯರ್ ಆರ್ಮ್ ಬುಷ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್ ನಮ್ಮ ರಸ್ತೆಯಲ್ಲಿ ಸವೆಯುವ ಸಾಮಾನು. ಹಳ್ಳಿಗಳ ಬಣ್ಣವಿಲ್ಲದ ಹಂಪ್‌ಗಳನ್ನು ಓರೆಯಾಗಿ ಹತ್ತಿಸಿ. ಕೆಳಗಿರೋದು ಆ ಪ್ಲಾಸ್ಟಿಕ್ ಸಂಪ್.

ವಿಮೆಯಲ್ಲಿ ಥರ್ಡ್ ಪಾರ್ಟಿ ಕಂತು 1,500 ಸಿಸಿ ಮೇಲಿನ ಕಾರುಗಳಿಗೆ 2022ರಲ್ಲಿ ನಿಗದಿಯಾದದ್ದು 7,897 ರೂಪಾಯಿ ಮತ್ತು ಜಿಎಸ್‌ಟಿ. ಉಳಿದದ್ದು ಐಡಿವಿ (ವಿಮೆಗೆ ಲೆಕ್ಕ ಹಾಕುವ ಕಾರಿನ ಮೌಲ್ಯ) ಮೇಲೆ. ಬೇರೆ ರಾಜ್ಯದ ಕಾರು ಅಗ್ಗ ಅನ್ನಿಸಿದರೆ ಎನ್‌ಒಸಿ ಜೊತೆಗೆ ಇಲ್ಲಿನ ಆಜೀವ ತೆರಿಗೆಯನ್ನೂ ಕೂಡಿಸಿ ನೋಡಿ. 20 ಲಕ್ಷ ಮೀರಿದ ಹೊಸ ಕಾರಿಗೆ ಅದು 18% ಮತ್ತು ಸೆಸ್. ಹಳೆಯದಕ್ಕೆ ವಯಸ್ಸು ನೋಡಿ ಇಳಿಸುತ್ತಾರೆ, ಆದರೂ ಲಕ್ಷಗಳ ಮಾತೇ.

ಮ್ಯಾಪ್ ಹಾಕಿಸಿದ, ಅಂದರೆ ಶಕ್ತಿ ಏರಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿದ ಕಾರಿನಿಂದ ದೂರ ಇರಿ. ಡಿಕ್ಯೂ250ಯ ತಾಳಿಕೆಯೇ 350ರಿಂದ 400 ಎನ್‌ಎಂ ಆಸುಪಾಸು, ಕಂಪನಿ ಆಗಲೇ 350 ಕೊಟ್ಟಾಗಿದೆ. ಸ್ಟೇಜ್ 1 (ಮೊದಲ ಹಂತದ ಮ್ಯಾಪ್) ಹಾಕಿ, ಮಾರುವ ಮುನ್ನ ಸ್ಟಾಕ್‌ಗೆ, ಅಂದರೆ ಕಂಪನಿಯ ಮೂಲ ಸ್ಥಿತಿಗೆ, ತಿರುಗಿಸಿರಬಹುದು. ಕ್ಲಚ್‌ಗೆ ಆದ ಸವೆತ ತಿರುಗಿ ಬರುವುದಿಲ್ಲ.

ನೋಡಲು ಹೋಗುವುದು ಬೆಳಿಗ್ಗೆಯೇ, ಎಂಜಿನ್ ರಾತ್ರಿಯಿಡೀ ಆರಿರಬೇಕು. ಸ್ಟಾರ್ಟ್ ಮಾಡಿದ ಮೊದಲ ಎರಡು ಮೂರು ಸೆಕೆಂಡ್ ಎಂಜಿನ್ನಿನ ಟೈಮಿಂಗ್ ಚೈನ್ ಕಡೆಯಿಂದ ಸರಪಳಿ ಅಲುಗಾಡಿಸಿದ ಸದ್ದು ಬರುತ್ತದೆಯೇ ಎಂದು ಕಿವಿಗೊಡಿ. ಅದಕ್ಕೂ ಮುಂಚೆ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ವಾಪಸ್ ಬನ್ನಿ.